ತಿಂಗಳ ಕೊನೆಗೆ ಒಂದು ಗಂಟೆ, ಒಂದು ನೋಟ್‌ಬುಕ್: ಬರೆಯುತ್ತ ತನ್ನನ್ನು ತಾನು ವಿಚಾರಿಸಿಕೊಳ್ಳುವ ಕ್ರಮ

ಜುಲೈ ಕೊನೆಯ ರಾತ್ರಿ ಶಿರಸಿ ಸೀಮೆಯ ಯಾವುದೇ ಮನೆಯಲ್ಲಿ ‘ಈ ತಿಂಗಳು ಹೇಗೆ ಕಳೆಯಿತು?’ ಎಂದು ಕೇಳಿ ನೋಡಿ. ‘ಹೇಗೆ ಕಳೆಯುವುದು, ಮಳೆಯಲ್ಲೇ ಕಳೆಯಿತು. ಬಟ್ಟೆ ಒಣಗಲಿಲ್ಲ, ಕರೆಂಟು ಸರಿಯಾಗಿ ಇರಲಿಲ್ಲ, ತೋಟಕ್ಕೆ ಎರಡನೆಯ ಸಲ ಮದ್ದು ಹೊಡೆಯಲು ಮಳೆ ಹೊಳವೇ ಕೊಡಲಿಲ್ಲ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಅದೇ ತಿಂಗಳ ಎರಡನೆಯ ವಾರ ಬೆಂಗಳೂರಿನಿಂದ ಮಗಳು ಬಂದು ನಾಲ್ಕು ದಿನ ಇದ್ದು ಹೋಗಿರಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೆಸುವಿನ ಪತ್ರೊಡೆ ತಿಂದಿರಬಹುದು. ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಯೊಬ್ಬರು ಕಾಲುಸಂಕದ ಬಳಿ ನಿಂತು ಕುಶಲ ವಿಚಾರಿಸಿರಬಹುದು. ಕೊನೆಯ ವಾರದ ಸುಸ್ತು ಇವನ್ನೆಲ್ಲ ಮುಚ್ಚಿಬಿಟ್ಟಿದೆ.

ನೆನಪಿನ ಈ ಸ್ವಭಾವವನ್ನು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸಿತು. ಅದರಲ್ಲಿ ಭಾಗವಹಿಸಿದವರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಿದರು. ಇನ್ನೊಮ್ಮೆ ಅದೇ 60 ಸೆಕೆಂಡಿನ ನಂತರ ಮತ್ತೆ 30 ಸೆಕೆಂಡು ಕೈಯನ್ನು ನೀರಿನಲ್ಲೇ ಇಟ್ಟರು. ಆ ಕೊನೆಯ ಭಾಗದಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರಿತು. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯದನ್ನು. ಒಟ್ಟು ನೋವು ಅದರಲ್ಲೇ ಹೆಚ್ಚು, ಆದರೆ ಅದರ ಕೊನೆ ತುಸು ಹಿತವಾಗಿತ್ತು. ಕೊನೆ ಹೇಗಿತ್ತೋ ಇಡೀ ಅನುಭವವನ್ನೂ ನಾವು ಬಹುಮಟ್ಟಿಗೆ ಹಾಗೆಯೇ ಅಳೆಯುತ್ತೇವೆ.

ತಿಂಗಳ ಕೊನೆಯಲ್ಲಿ ಬರೆಯಲು ಕುಳಿತುಕೊಳ್ಳುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಸಂಬಳ ಮುಗಿದಿದೆ, ಸೊಸೈಟಿಯ ಸಾಲದ ಕಂತು ಎದುರಿಗಿದೆ, ಮೈ ದಣಿದಿದೆ. ಆಗ ಖಾಲಿ ಪುಟ ಬಿಡಿಸಿ ‘ಈ ತಿಂಗಳು ನಾನು ಹೇಗಿದ್ದೆ?’ ಎಂದು ಕೇಳಿಕೊಂಡರೆ ಬರುವುದು ಆ ರಾತ್ರಿಯ ಉತ್ತರವೇ ಹೊರತು ತಿಂಗಳ ಉತ್ತರವಲ್ಲ. ಆದ್ದರಿಂದ ಇಲ್ಲಿ ವಿವರಿಸುವ ಕ್ರಮ ಒಂದೇ ನಂಬಿಕೆಯ ಮೇಲೆ ನಿಂತಿದೆ: ಮೊದಲು ನಡೆದದ್ದನ್ನು ಬರೆಯಬೇಕು, ಹೇಗನಿಸಿತು ಎಂಬುದು ಅದರ ಹಿಂದೆ ಬರಬೇಕು, ಸರಿ-ತಪ್ಪಿನ ಮಾತು ಎಲ್ಲಕ್ಕಿಂತ ಕೊನೆಗೆ. ಶಿರಸಿಯ ಅಡಿಕೆ ವ್ಯಾಪಾರದಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಆರಿಸದೆ ದರ ಕೂಗುವುದಿಲ್ಲ. ನಮ್ಮ ತಿಂಗಳಿಗಾದರೂ ಆರಿಸುವ ಮೊದಲೇ ದರ ಕಟ್ಟುವುದು ಏಕೆ?

ಯಾವ ತಿಂಗಳ ಕೊನೆ?

ಇಂಗ್ಲಿಷ್ ಕ್ಯಾಲೆಂಡರಿನ 30 ಅಥವಾ 31ನೆಯ ತಾರೀಖೇ ಆಗಬೇಕೆಂಬ ನಿಯಮವಿಲ್ಲ. ನಿಮ್ಮ ಬದುಕು ಯಾವ ಲೆಕ್ಕದಲ್ಲಿ ನಡೆಯುತ್ತದೋ ಆ ಲೆಕ್ಕದ ಕೊನೆಯನ್ನು ಹಿಡಿಯಿರಿ. ಕಾರವಾರದ ಕಚೇರಿಯಲ್ಲೋ ಕೈಗಾದ ಸ್ಥಾವರದಲ್ಲೋ ಕೆಲಸ ಮಾಡುವವರಿಗೆ ಸಂಬಳದ ತಿಂಗಳೇ ಸಹಜ. ಕಡಲಿಗೆ ಹೋಗುವ ಮನೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಹೇಗೂ ಮನಸ್ಸಿನಲ್ಲಿರುತ್ತದೆ. ನಮ್ಮ ಕಡೆಯ ಚಾಂದ್ರಮಾನ ತಿಂಗಳು ಮುಗಿಯುವುದೂ ಅಮಾವಾಸ್ಯೆಗೇ. ಪಂಚಾಂಗ ನೋಡಿಯೇ ದಿನ ಎಣಿಸುವ ಹಿರಿಯರಿಗೆ ಅಮಾವಾಸ್ಯೆಯ ಮರುದಿನ, ಪಾಡ್ಯದ ಬೆಳಗು, ಬಹಳ ಚೆನ್ನಾಗಿ ಒಗ್ಗುತ್ತದೆ.

ಒಂದು ಮಾತು ಮಾತ್ರ ಖಚಿತವಾಗಿ ಹೇಳುತ್ತೇನೆ. ಲೆಕ್ಕಪತ್ರದ ರಾತ್ರಿ ಬರೆಯಬೇಡಿ. ಹಣದ ಲೆಕ್ಕ ನೋಡಿದ ಕೈಯಲ್ಲೇ ಮನಸ್ಸಿನ ಪುಟ ತೆರೆದರೆ ಅಲ್ಲೂ ಜಮಾ-ಖರ್ಚೇ ಬಂದು ಕೂರುತ್ತದೆ. ಎರಡರ ನಡುವೆ ಕನಿಷ್ಠ ಒಂದು ನಿದ್ದೆಯಾದರೂ ಆಗಲಿ. ಗಂಟೆಯ ವಿಷಯದಲ್ಲಿ ಬೆಳಗಿನ ಹೊತ್ತು, ದೋಸೆಯ ಹಂಚು ಒಲೆಯ ಮೇಲೇರುವ ಮುನ್ನ, ಒಳ್ಳೆಯದು. ಆಗದಿದ್ದರೆ ಮಧ್ಯಾಹ್ನ ಊಟದ ನಂತರ ಮನೆ ನಿಶ್ಶಬ್ದವಾಗುವ ಆ ಒಂದು ಗಂಟೆ.

ನೋಟ್‌ಬುಕ್, ಪೆನ್ನು ಮತ್ತು ನಮ್ಮ ಮಳೆಗಾಲ

ಚೆಂದದ ಮುದ್ರಿತ ದಿನಚರಿಗಳು ಸಿಗುತ್ತವೆ, ಪ್ರತಿ ಪುಟಕ್ಕೂ ನಗುಮುಖ-ಅಳುಮುಖಗಳ ಸಾಲು, ಹತ್ತಕ್ಕೆ ಎಷ್ಟು ಅಂಕ ಎಂಬ ಚೌಕ. ನಾನು ಅವನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ತಾನು ಬದುಕಿದ ತಿಂಗಳಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟುಕೊಂಡವರು ಮುಂದಿನ ತಿಂಗಳು ಆ ಪುಸ್ತಕವನ್ನು ತೆರೆಯಲು ಹಿಂಜರಿಯುತ್ತಾರೆ. ಶಾಲೆಯ ಮಕ್ಕಳ ಇನ್ನೂರು ಪುಟದ ಗೆರೆ ಪುಸ್ತಕ ಸಾಕು, ಹಲವು ವರ್ಷಕ್ಕೆ ಬರುತ್ತದೆ.

ಪೆನ್ನನ್ನು ಆರಿಸುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ನೆನಪಿರಲಿ. ಜೆಲ್ ಪೆನ್ನಿನ ಶಾಯಿ ಥಂಡಿ ಹಿಡಿದ ಕಾಗದದಲ್ಲಿ ಹರಡುತ್ತದೆ. ಬಾಲ್‌ಪೆನ್ನಿನ ಶಾಯಿ ಎಣ್ಣೆಯ ಮೂಲದ್ದು, ಹರಡುವುದು ಕಡಿಮೆ. ಪೆನ್ಸಿಲ್ ಇನ್ನೂ ಭದ್ರ. ಬರೆದ ಮೇಲೆ ಪುಸ್ತಕವನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ, ಔಷಧದ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಎಸೆಯದೆ ಅದರೊಳಗೆ ಹಾಕಿ. ಮರದ ಕಪಾಟಿನಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಬೂಷ್ಟು, ಗೆದ್ದಲು ಎರಡೂ ಕಾದಿರುತ್ತವೆ.

ಮೊಬೈಲಿನಲ್ಲಿ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಬರೆಯಬಹುದು. ಆದರೆ ಅದರಲ್ಲಿ ಬರೆಯುತ್ತಿರುವಾಗಲೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಸಂದೇಶ ಇಣುಕುತ್ತದೆ. ಈ ಒಂದು ಗಂಟೆಗೆ ಕಾಗದವೇ ಮೇಲು.

ಇನ್ನು ಭಾಷೆ. ಕನ್ನಡದಲ್ಲಿ ಬರೆಯಬೇಕೆಂದರೆ ಪ್ರಬಂಧದ ಕನ್ನಡ ಬರೆಯಬೇಕೆಂದು ಭಾವಿಸಬೇಡಿ. ಕಾರವಾರದ ಕೊಂಕಣಿ, ಶಿರಸಿ-ಸಿದ್ದಾಪುರದ ಹವಿಗನ್ನಡ, ಅಂಕೋಲೆಯ ಹಾಲಕ್ಕಿಗಳ ಕನ್ನಡ, ಭಟ್ಕಳದ ನವಾಯತಿ, ನೀವು ಯಾವುದರಲ್ಲಿ ಸಿಟ್ಟಾಗುತ್ತೀರೋ, ಯಾವುದರಲ್ಲಿ ಅಮ್ಮನನ್ನು ಕರೆಯುತ್ತೀರೋ ಅದರಲ್ಲೇ ಬರೆಯಿರಿ. ಲಿಪಿ ಯಾವುದಾದರೂ ಆಗಲಿ. ಕಾಗುಣಿತ ತಪ್ಪಿದರೆ ತಪ್ಪಲಿ, ಓದುವವರು ನೀವೊಬ್ಬರೇ.

ಆ ‘ನೀವೊಬ್ಬರೇ’ ಎನ್ನುವುದು ಒಟ್ಟು ಕುಟುಂಬದಲ್ಲಿ ಅಷ್ಟು ಸುಲಭವಲ್ಲ ಎಂಬುದು ಗೊತ್ತಿದೆ. ಸೊಸೆಯೊಬ್ಬಳು ಬಾಗಿಲು ಮುಂದೆ ಮಾಡಿಕೊಂಡು ಬರೆಯಲು ಕುಳಿತರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ. ಗುಟ್ಟು ಮಾಡುವುದಕ್ಕಿಂತ ಮೊದಲೇ ಹೇಳಿಬಿಡುವುದು ಒಳ್ಳೆಯದು: ‘ತಿಂಗಳಿಗೊಮ್ಮೆ ಒಂದು ತಾಸು ನನ್ನ ವಿಚಾರ ಬರೆದಿಡುತ್ತೇನೆ ಅತ್ತೆ, ಆ ಹೊತ್ತಿಗೆ ನನ್ನನ್ನು ಕರೆಯಬೇಡಿ.’ ಜನರ ಹೆಸರಿನ ಬದಲು ಒಂದೊಂದು ಅಕ್ಷರ ಬರೆಯಿರಿ. ಯಾರೂ ಓದಬಾರದಂಥ ಮಾತನ್ನು ಪುಸ್ತಕದಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆಯಿರಿ. ಅದಕ್ಕೆ ಮುಂದೆ ಒಂದು ದಾರಿ ಹೇಳುತ್ತೇನೆ.

ಮೊದಲ ಹಂತ: ಬರೆಯುವ ಮುನ್ನ ಕೂಡಿಹಾಕುವುದು (ಹದಿನೈದು ನಿಮಿಷ)

ನೆನಪನ್ನು ನಂಬದೆ ಸಾಕ್ಷಿಯನ್ನು ನಂಬುವ ಹಂತ ಇದು, ಮತ್ತು ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಗಳಲ್ಲಿ ಸಾಕ್ಷಿಗೆ ಕೊರತೆಯಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಇಳಿಸಿ ತನ್ನಿ. ಅದರ ಚೌಕಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಆಳು ಬಂದ ದಿನ, ಮದುವೆ, ತಿಥಿ, ಆಸ್ಪತ್ರೆ ಎಲ್ಲವೂ ಇರುತ್ತದೆ. ಮಳೆಯ ಲೆಕ್ಕ ಬರೆದಿಡುವ ತೋಟಿಗರ ಮನೆಯಾದರೆ ಆ ವಹಿಯನ್ನೂ ತನ್ನಿ. ಯಾವ ದಿನ ಎಷ್ಟು ಮಳೆಯಾಯಿತು ಎಂಬ ಸಾಲು ಆ ದಿನದ ಉಳಿದದ್ದನ್ನೂ ಎಳೆದು ತರುತ್ತದೆ. ಮೊಬೈಲಿನ ಫೋಟೊಗಳನ್ನು ತಿಂಗಳ ಒಂದನೆಯ ತಾರೀಖಿನಿಂದ ನೋಡುತ್ತ ಬನ್ನಿ. ಯಾರಿಗೆ ಕರೆ ಮಾಡಿದ್ದೀರಿ ಎಂಬ ಪಟ್ಟಿ, ಫೋನ್‌ಪೇಯಲ್ಲಿ ಹಣ ಹೋದ ಪಟ್ಟಿ, ಬ್ಯಾಗಿನ ತಳದ ಬಸ್ ಟಿಕೆಟು, ಔಷಧದ ಚೀಟಿ ಎಲ್ಲವೂ ಬರಲಿ.

ಇವನ್ನು ನೋಡುತ್ತಿದ್ದಂತೆ ಬಿಡಿ ಹಾಳೆಯಲ್ಲಿ ಒಂದೊಂದೇ ಶಬ್ದ ಗೀಚಿ. ‘ಕುಮಟಾ, ಹಲ್ಲಿನ ಡಾಕ್ಟರು.’ ‘ಚಿಕ್ಕಮ್ಮನ ಫೋನು.’ ‘ಹುಡುಗನ ಜ್ವರ.’ ಇನ್ನೂ ವಾಕ್ಯ ಬೇಡ, ಭಾವನೆಯೂ ಬೇಡ. ಫೋಟೊ ನೋಡುತ್ತ ಅರ್ಧ ಗಂಟೆ ಕಳೆದುಹೋಗುವ ಅಪಾಯವಿದೆ, ಆದ್ದರಿಂದ ಹದಿನೈದು ನಿಮಿಷಕ್ಕೆ ಅಲಾರಾಂ ಇಟ್ಟುಕೊಳ್ಳಿ. ಅಲಾರಾಂ ಹೊಡೆದೊಡನೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ.

ಆಮೇಲೆ ಎರಡು-ಮೂರು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಜಗಲಿಯಾದರೆ ಜಗಲಿ, ಹಿತ್ತಿಲ ಮೆಟ್ಟಿಲಾದರೆ ಮೆಟ್ಟಿಲು. ಕಾಲು ನೆಲಕ್ಕೆ ತಾಗಿದೆಯೇ, ಹಲ್ಲು ಬಿಗಿದುಕೊಂಡಿದೆಯೇ, ಹೆಗಲು ಕಿವಿಯ ಕಡೆಗೆ ಏರಿದೆಯೇ ನೋಡಿಕೊಳ್ಳಿ. ಉಸಿರನ್ನು ಬದಲಿಸಲು ಹೋಗದೆ ಅದು ಬಂದು ಹೋಗುವುದನ್ನು ಗಮನಿಸಿ. ಮನಸ್ಸು ಅಕ್ಕಿ ನೆನೆಹಾಕಿದೆನೇ ಎಂದು ಓಡಿದರೆ ಗದರಿಸದೆ ಮರಳಿ ಕರೆತನ್ನಿ. ಧ್ಯಾನ ಎಂಬ ದೊಡ್ಡ ಹೆಸರು ಇದಕ್ಕೆ ಬೇಕಿಲ್ಲ. ನೋಡಿ ತೀರ್ಪು ಕೊಡದಿರುವ ಅಭ್ಯಾಸವನ್ನು ಉಸಿರಿನ ಮೇಲೆ ಒಮ್ಮೆ ಮಾಡಿಕೊಂಡರೆ ತಿಂಗಳ ಮೇಲೆ ಮಾಡುವುದು ಹಗುರಾಗುತ್ತದೆ.

ಎರಡನೆಯ ಹಂತ: ನಾಲ್ಕು ವಾರ, ನಾಲ್ಕು ತುಂಡು (ಇಪ್ಪತ್ತು ನಿಮಿಷ)

ಪುಟದ ಮೇಲೆ ತಿಂಗಳ ಹೆಸರು ಬರೆದು ಮೊದಲ ವಾರದಿಂದ ಹೊರಡಿ. ಪ್ರತಿ ವಾರಕ್ಕೆ ನಾಲ್ಕೈದು ಸಾಲು ಸಾಕು. ಮೊದಲ ವಾರದಿಂದ ಮುಂದಕ್ಕೆ ಬರೆಯುವುದು ಮುಖ್ಯ, ಏಕೆಂದರೆ ಕೊನೆಯ ವಾರದಿಂದ ಹಿಂದಕ್ಕೆ ಹೋದರೆ ಅದರ ಬಣ್ಣ ಉಳಿದ ಮೂರಕ್ಕೂ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ಪರೀಕ್ಷೆ ಇಟ್ಟುಕೊಳ್ಳಿ. ನೀವು ಬರೆದ ಸಾಲನ್ನು ಪಕ್ಕದಲ್ಲಿದ್ದವರು ಕಣ್ಣಿನಿಂದ ಕಾಣಬಹುದಿತ್ತೇ, ಕಿವಿಯಿಂದ ಕೇಳಬಹುದಿತ್ತೇ? ‘ಮಗನೊಂದಿಗೆ ಸರಿಯಾಗಿ ನಡೆದುಕೊಳ್ಳಲಿಲ್ಲ’ ಎಂಬುದನ್ನು ಯಾರೂ ಕಾಣಲಾರರು, ಅದು ತೀರ್ಪು. ‘ಬುಧವಾರ ರಾತ್ರಿ ಗಣಿತ ಹೇಳಿಕೊಡುವಾಗ ಪುಸ್ತಕ ಕುಕ್ಕಿದೆ, ಅವನು ಊಟಕ್ಕೆ ಬರಲಿಲ್ಲ’ ಎಂಬುದನ್ನು ಕಾಣಬಹುದು. ಎರಡನೆಯದು ಓದಲು ಹೆಚ್ಚು ಕಷ್ಟ ಅನ್ನಿಸಬಹುದು, ಆದರೆ ಅದರ ಬಗ್ಗೆ ಏನಾದರೂ ಮಾಡಲು ಸಾಧ್ಯವಿದೆ. ಮೊದಲನೆಯದನ್ನು ಹೊತ್ತುಕೊಂಡು ತಿರುಗುವುದಷ್ಟೇ ಸಾಧ್ಯ.

ನಾಲ್ಕೂ ವಾರ ಮುಗಿದ ಮೇಲೆ ಮೈಯ ಬಗ್ಗೆ ಐದಾರು ಸಾಲು ಬರೆಯಿರಿ. ನಿದ್ದೆ ಎಷ್ಟು ಗಂಟೆಗೆ ಬಂತು, ಎಷ್ಟು ರಾತ್ರಿ ನಡುವೆ ಎಚ್ಚರವಾಯಿತು, ತಲೆನೋವು, ಮುಟ್ಟಿನ ದಿನಗಳು, ಹಸಿವು, ಅಡಿಕೆ ಸುಲಿಯುವ ದಿನಗಳಾದರೆ ಸೊಂಟ ಮತ್ತು ಹೆಬ್ಬೆರಳು. ನಮ್ಮಲ್ಲಿ ಹೆಂಗಸರು ‘ಬೇಜಾರಾಗಿದೆ’ ಎಂದು ಹೇಳಲು ಸಂಕೋಚಪಟ್ಟು ‘ಮೈ ಭಾರ’ ಎನ್ನುವುದುಂಟು. ಗಂಡಸರು ಅದನ್ನೂ ಹೇಳದೆ ಊಟದ ಮೇಲೆ ಸಿಟ್ಟು ತೋರಿಸುವುದುಂಟು. ಎರಡು-ಮೂರು ತಿಂಗಳ ಮೈಯ ಸಾಲುಗಳು ಒಟ್ಟಾದರೆ ಮನಸ್ಸು ನೇರವಾಗಿ ಹೇಳದೇ ಇದ್ದದ್ದು ಅಲ್ಲಿ ಸಿಗುತ್ತದೆ.

ಮೂರನೆಯ ಹಂತ: ಭಾರವಾದ ಒಂದು ವಿಷಯ (ಹದಿನೈದು ನಿಮಿಷ)

ಬರೆದದ್ದನ್ನು ಮೇಲಿನಿಂದ ಓದಿ. ಎಲ್ಲೋ ಒಂದು ಸಾಲಿನ ಬಳಿ ಕಣ್ಣು ನಿಲ್ಲುತ್ತದೆ, ಇಲ್ಲವೇ ಬೇಗ ದಾಟಿಹೋಗಲು ನೋಡುತ್ತದೆ. ಆ ಒಂದನ್ನೇ ಆರಿಸಿ. ಒಂದೇ ಸಾಕು.

ಈ ಹಂತಕ್ಕೆ ಆಧಾರವಾಗಿ ಒಂದು ಹಳೆಯ ಅಧ್ಯಯನವಿದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಸಾಮಾನ್ಯ ಸಂಗತಿಗಳ ಬಗ್ಗೆ ಬರೆದರೆ ಉಳಿದವರು ತಮ್ಮ ಬದುಕಿನ ಆಘಾತದ ಬಗ್ಗೆ ಬರೆದರು. ಆಘಾತದ ಬಗ್ಗೆ ಬರೆದವರಲ್ಲೂ ಒಂದು ಗುಂಪು ಬರಿಯ ಘಟನೆಯನ್ನು, ಒಂದು ಗುಂಪು ಬರಿಯ ಭಾವನೆಯನ್ನು, ಮತ್ತೊಂದು ಗುಂಪು ಎರಡನ್ನೂ ಬರೆಯಿತು. ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾದದ್ದು ಎರಡನ್ನೂ ಕೂಡಿಸಿ ಬರೆದವರಲ್ಲಿ. ನಡೆದದ್ದು ಮತ್ತು ಅನಿಸಿದ್ದು ಎರಡೂ ಒಂದೇ ಪುಟದಲ್ಲಿರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಪೆನ್ನೆಬೇಕರ್ ನಂತರದ ಅಧ್ಯಯನಗಳಲ್ಲಿ ಇನ್ನೊಂದನ್ನೂ ಗಮನಿಸಿದರು. ದಿನದಿಂದ ದಿನಕ್ಕೆ ಕಾರಣ ಹೇಳುವ, ಅರ್ಥ ಮಾಡಿಕೊಳ್ಳುವ ಶಬ್ದಗಳು ಬರವಣಿಗೆಯಲ್ಲಿ ಹೆಚ್ಚುತ್ತ ಹೋದವರಿಗೆ ಪ್ರಯೋಜನವೂ ಹೆಚ್ಚು. ಹಾಗಾಗಿ ಬರೆಯುತ್ತ ಎಲ್ಲಾದರೂ ‘ಏಕೆಂದರೆ’ ಎಂದು ಸೇರಿಸಿ ನೋಡಿ. ‘ಆ ದಿನ ಪುಸ್ತಕ ಕುಕ್ಕಿದೆ, ಏಕೆಂದರೆ…’ ಎಂದು ಬರೆದರೆ ಪೆನ್ನು ನೀವು ಎಣಿಸದ ಕಡೆಗೆ ಹೊರಳುತ್ತದೆ.

ಹದಿನೈದು ನಿಮಿಷ ನಿಲ್ಲಿಸದೆ ಬರೆಯಿರಿ. ಬರೆದು ಮುಗಿದ ಕೂಡಲೇ ಮನಸ್ಸು ಹಗುರಾಗುತ್ತದೆಂದು ಕಾಯಬೇಡಿ. ಆ ಅಧ್ಯಯನದಲ್ಲೂ ಬರೆದ ತಕ್ಷಣ ವಿದ್ಯಾರ್ಥಿಗಳ ಮನಸ್ಸು ಇನ್ನಷ್ಟು ಕುಗ್ಗಿತ್ತು; ಪ್ರಯೋಜನ ಕಂಡದ್ದು ಆಮೇಲೆ. ಅದಕ್ಕಾಗಿ ಇದನ್ನು ಮಲಗುವ ಮುನ್ನ ಮಾಡಬಾರದು. ಮುಗಿದ ಮೇಲೆ ಎದ್ದು ನಡೆಯಿರಿ. ಕಾರವಾರದಲ್ಲಿದ್ದವರಿಗೆ ಟಾಗೋರ್ ಕಡಲತೀರವಿದೆ, ಶಿರಸಿಯವರಿಗೆ ತೋಟದ ದಾರಿಯಿದೆ.

ಕಹಿಯೆಲ್ಲ ಬಂದುಬಿಟ್ಟ ಪುಟವನ್ನು, ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಮನೆ ಒಡೆಯುವಂಥ ಪುಟವನ್ನು, ಬಿಡಿ ಹಾಳೆಯಲ್ಲಿ ಬರೆದಿದ್ದರೆ ಬಚ್ಚಲ ಒಲೆಗೆ ಹಾಕಿ. ಸ್ನಾನದ ನೀರು ಕಾಯಿಸುವ ಬೆಂಕಿ ನಮ್ಮ ಮನೆಗಳಲ್ಲಿ ಹೇಗೂ ಉರಿಯುತ್ತಿರುತ್ತದೆ. ಪುಸ್ತಕದಲ್ಲಿ ಮಾತ್ರ ‘ಇಂದು ಅಣ್ಣನ ವಿಷಯ ಬರೆದೆ, ಸುಟ್ಟೆ’ ಎಂದು ಒಂದು ಸಾಲು ಉಳಿಯಲಿ. ಮುಂದಿನ ತಿಂಗಳು ಮತ್ತೆ ಅದೇ ಸಾಲು ಬಂದರೆ ಅದು ಬರವಣಿಗೆಯಿಂದ ಮುಗಿಯುವ ವಿಷಯವಲ್ಲ, ಅಣ್ಣನೊಂದಿಗೆ ಕುಳಿತು ಮಾತನಾಡಬೇಕಾದ ವಿಷಯ.

ಬಹಳ ದೊಡ್ಡ ನೋವು ಹಸಿಯಾಗಿರುವಾಗ ಈ ಹಂತವನ್ನು ಬಿಟ್ಟುಬಿಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅಂಥದನ್ನು ಹತ್ತಿರದಿಂದ ಕಂಡವರು, ಮನೆಯವರನ್ನು ಕಳೆದುಕೊಂಡವರು ಆ ತಿಂಗಳ ಕೊನೆಗೇ ಅದನ್ನು ಬರೆದು ಅರ್ಥ ಮಾಡಿಕೊಳ್ಳಬೇಕೆಂದು ಯಾರೂ ಹೇಳಬಾರದು. ಬರೆಯುತ್ತಿರುವಾಗ ತಡೆಯಲಾಗದಷ್ಟು ಮನಸ್ಸು ಕಲಕಿದರೆ ಅಲ್ಲಿಗೇ ಬಿಟ್ಟು ಬೇರೆ ವಿಷಯಕ್ಕೆ ಹೋಗಿ ಎಂದು ಪೆನ್ನೆಬೇಕರ್ ಅವರೇ ಸಲಹೆ ಕೊಡುತ್ತಾರೆ. ಊಟ, ನಿದ್ದೆ, ಜೊತೆಗೆ ಕೂರುವ ಒಬ್ಬರು, ಆ ತಿಂಗಳಿಗೆ ಅಷ್ಟೇ ಬೇಕಾದದ್ದು.

ನಾಲ್ಕನೆಯ ಹಂತ: ದೊರೆತದ್ದು, ಮುಂದಿನದು (ಹತ್ತು ನಿಮಿಷ)

ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರ, ವಾರಕ್ಕೊಮ್ಮೆ, ತಮಗೆ ದೊರೆತ ಐದರವರೆಗಿನ ಒಳಿತುಗಳನ್ನು ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ನಮ್ಮ ತಿಂಗಳ ಪುಟಕ್ಕೆ ಮೂರು ಸಾಕು, ಆದರೆ ಮೂರೂ ಮುಟ್ಟಿ ನೋಡುವಷ್ಟು ಖಚಿತವಾಗಿರಲಿ. ‘ಒಳ್ಳೆಯ ಕುಟುಂಬ’ ಎಂದು ಪ್ರತಿ ತಿಂಗಳು ಬರೆದರೆ ಮೂರನೆಯ ತಿಂಗಳಿಗೆ ಅದು ಸವೆದುಹೋಗುತ್ತದೆ. ‘ಜ್ವರ ಬಂದಾಗ ಪಕ್ಕದ ಮನೆಯ ಅಕ್ಕ ಎರಡು ದಿನ ಗಂಜಿ ತಂದುಕೊಟ್ಟರು’ ಎಂದು ಬರೆಯಿರಿ. ನೀವು ಇನ್ನೊಬ್ಬರಿಗೆ ಕೊಟ್ಟದ್ದನ್ನೂ ಒಂದು ಸಾಲು ಸೇರಿಸಿ. ತಾನು ಮಾಡಿದ್ದನ್ನು ತಾನೇ ಬರೆದುಕೊಳ್ಳುವುದು ಜಂಬವೆಂದು ನಮ್ಮವರು ಹಿಂಜರಿಯುತ್ತಾರೆ. ಇದು ಯಾರಿಗೂ ತೋರಿಸುವ ಪುಸ್ತಕವಲ್ಲ, ಧೈರ್ಯವಾಗಿ ಬರೆಯಿರಿ.

ಕೊನೆಗೆ ಮುಂದಿನ ತಿಂಗಳಿಗೆ ಒಂದೇ ಒಂದು ಬದಲಾವಣೆ. ಅದು ಮೇಲೆ ಬರೆದದ್ದರಿಂದಲೇ ಬರಬೇಕು, ಗಾಳಿಯಿಂದಲ್ಲ. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟಂತೆ ‘ಹೆಚ್ಚು ವಿಶ್ರಾಂತಿ ಪಡೆಯುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಹೊತ್ತು-ಗೊತ್ತು ಕಟ್ಟಿದ ಸಂಕಲ್ಪ ಕೈಗೂಡುವುದು ಹೆಚ್ಚು. ‘ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಜಗಲಿಯಲ್ಲಿ ಕೂರುತ್ತೇನೆ.’ ‘ಬಂದರಿನಿಂದ ಮನೆಗೆ ಬಂದವನು ಮೊದಲು ಕೈಕಾಲು ತೊಳೆದು, ಆಮೇಲೆ ಹಣದ ಮಾತು ಆಡುತ್ತೇನೆ.’ ಇಷ್ಟು ಸಣ್ಣದಾದರೆ ಸಾಕು.

ಒಂದು ಮಾದರಿ

ವಿವರಣೆಗಾಗಿ ಕಟ್ಟಿದ ಪುಟ ಇದು, ಯಾರೊಬ್ಬರದೂ ಅಲ್ಲ. ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಕಾರವಾರದ ಅಂಗಡಿಯೊಂದಕ್ಕೆ ಲೆಕ್ಕ ಬರೆಯಲು ಬರುವ ಹೆಣ್ಣುಮಗಳೊಬ್ಬಳ ಸೆಪ್ಟೆಂಬರ್ ಎಂದುಕೊಳ್ಳಿ.

‘ಮೊದಲ ವಾರ: ಚೌತಿಗೆ ಮನೆ ತೊಳೆದೆವು. ರಾತ್ರಿ ಹನ್ನೊಂದರವರೆಗೂ ಕೆಲಸ. ಬಸ್ ತಪ್ಪಿ ಎರಡು ಸಲ ತಡವಾಯಿತು, ಮಾಲೀಕರು ಏನೂ ಹೇಳಲಿಲ್ಲ. ಎರಡನೆಯ ವಾರ: ಹಬ್ಬ. ಮುಂಬೈಯಿಂದ ಭಾವನ ಮನೆಯವರು ಬಂದರು. ಮೋದಕ ಕಟ್ಟುವಾಗ ಅತ್ತೆ ತಮ್ಮ ತವರಿನ ಕಥೆ ಹೇಳಿದರು, ಮೊದಲ ಸಲ. ಮೂರನೆಯ ವಾರ: ನೆಂಟರು ಹೊರಟರು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ತಲೆನೋವು ಮೂರು ದಿನ. ನಾಲ್ಕನೆಯ ವಾರ: ಹಬ್ಬದ ಸಾಲದ ಬಗ್ಗೆ ಇವರ ಜೊತೆ ಜಗಳ. ನಾನು ಊಟ ಬಿಟ್ಟೆ.

‘ಭಾರವಾದದ್ದು: ಊಟ ಬಿಟ್ಟದ್ದು ಸಾಲಕ್ಕಾಗಿ ಅಂದುಕೊಂಡಿದ್ದೆ, ಅದಕ್ಕಲ್ಲ. ಏಕೆಂದರೆ… ಖರ್ಚು ಮಾಡುವಾಗ ನನ್ನನ್ನು ಕೇಳಲಿಲ್ಲ. ಅಂಗಡಿಯ ಪೂರ್ತಿ ಲೆಕ್ಕ ನಾನು ಬರೆಯುತ್ತೇನೆ, ಮನೆಯ ಲೆಕ್ಕ ನನ್ನನ್ನು ಕೇಳುವುದಿಲ್ಲ.

‘ದೊರೆತದ್ದು: ಅತ್ತೆಯ ಕಥೆ. ಮಾಲೀಕರ ತಾಳ್ಮೆ. ಭಾವನ ಮಗಳು ಕಡಲಿಗೆ ನನ್ನ ಕೈ ಹಿಡಿದೇ ಇಳಿದದ್ದು.

‘ಅಕ್ಟೋಬರಿಗೆ: ಇವರ ಸಂಬಳ ಬಂದ ದಿನ ರಾತ್ರಿ ಊಟದ ನಂತರ ಇಬ್ಬರೂ ಕುಳಿತು ತಿಂಗಳ ಖರ್ಚು ಬರೆಯುವುದು. ನಾನೇ ಮೊದಲು ಕೇಳುವುದು.’

ಕೊನೆಯ ವಾರವನ್ನಷ್ಟೇ ನೆನಪಿಟ್ಟುಕೊಂಡಿದ್ದರೆ ಈ ತಿಂಗಳು ಜಗಳದ ತಿಂಗಳಾಗಿ ಉಳಿಯುತ್ತಿತ್ತು. ಅತ್ತೆ ಮೊದಲ ಸಲ ತವರಿನ ಕಥೆ ಹೇಳಿದ್ದು ಎಲ್ಲೋ ಜಾರಿಹೋಗುತ್ತಿತ್ತು, ಜಗಳದ ಬುಡದಲ್ಲಿದ್ದದ್ದು ಹಣವಲ್ಲ ಎಂಬುದೂ.

ಪುರುಸೊತ್ತಿಲ್ಲದ ತಿಂಗಳುಗಳು

‘ನನಗೆಲ್ಲಿ ಪುರುಸೊತ್ತು?’ ಎಂಬ ಮಾತು ಹಲವು ತಿಂಗಳಲ್ಲಿ ನೂರಕ್ಕೆ ನೂರು ನಿಜ. ಅಡಿಕೆ ಗೊನೆಗಳ ಕೊಯ್ಲು ಶುರುವಾಗಿ ಅಂಗಳದಲ್ಲಿ ಅಡಿಕೆ ಹರಡಿದ ಮೇಲೆ ತೋಟದ ಮನೆಯ ಹೆಂಗಸರಿಗೆ ಕೈ ಬಿಡುವಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ತಿಂಗಳು ಪೇಟೆಯ ಪ್ರತಿ ಮನೆಯಲ್ಲೂ ನೆಂಟರು. ಏಪ್ರಿಲ್-ಮೇ ಎಂದರೆ ಮದುವೆ, ಮುಂಜಿ, ರಜೆಗೆ ಬಂದ ಮಕ್ಕಳು. ಅಂಥ ತಿಂಗಳಲ್ಲಿ ಐದು ಸಾಲಿನ ಪುಟ ಬರೆಯಿರಿ: ವಾರಕ್ಕೊಂದು ಸಾಲು, ಮೈಗೆ ಒಂದು ಸಾಲು. ಉಳಿದ ಹಂತಗಳನ್ನು ಬಿಟ್ಟುಬಿಡಿ, ಯಾವ ಲೋಪವೂ ಇಲ್ಲ.

ಇದಕ್ಕೆ ವಿರುದ್ಧವಾದ ತಿಂಗಳುಗಳೂ ಇವೆ, ಅವುಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲಿನಲ್ಲಿ, ತದಡಿಯಲ್ಲಿ, ಹೊನ್ನಾವರದಲ್ಲಿ ಬೋಟುಗಳು ಲಂಗರು ಹಾಕಿ ನಿಂತಿರುತ್ತವೆ. ಬಲೆ ಹೊಲಿಯುವ ಕೆಲಸ ಮುಗಿದ ಮೇಲೆ ದಿನವೆಲ್ಲ ಖಾಲಿ, ಕೈಯೂ ಖಾಲಿ. ಮಕ್ಕಳೆಲ್ಲ ಬೆಂಗಳೂರು ಸೇರಿ ಇಬ್ಬರೇ ಉಳಿದ ಶಿರಸಿಯ ಹಳ್ಳಿಮನೆಗಳಲ್ಲೂ ಮಳೆಗಾಲದ ದಿನಗಳು ಹೀಗೆಯೇ ಉದ್ದ. ಇಂಥ ತಿಂಗಳಲ್ಲಿ ‘ಏನೂ ಆಗಲಿಲ್ಲ’ ಎಂದೇ ಪುಟ ಶುರುವಾಗುತ್ತದೆ. ಆಗ ಒಂದು ಪ್ರಶ್ನೆ ಸೇರಿಸಿ: ಈ ವಾರ ನಾನು ಯಾರ ಮುಖ ನೋಡಿ ಮಾತನಾಡಿದೆ? ಹೆಸರುಗಳನ್ನು ಬರೆಯಿರಿ. ಮೀನು ಮಾರಲು ಬಂದವಳು, ಸೊಸೈಟಿಯ ಗುಮಾಸ್ತ, ಬಸ್ಸಿನ ಕಂಡಕ್ಟರ್ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಒಂದು ವಾರದ ಸಾಲಿನಲ್ಲಿ ಒಂದೂ ಹೆಸರಿಲ್ಲದಿದ್ದರೆ ಮುಂದಿನ ತಿಂಗಳ ಬದಲಾವಣೆ ಏನಿರಬೇಕೆಂಬುದನ್ನು ಬೇರೆ ಹುಡುಕಬೇಕಿಲ್ಲ.

ಬರವಣಿಗೆ ಸಾಲದಾದಾಗ

ಎರಡು ವಾರ ಮೀರಿ ದಿನವೂ ಮನಸ್ಸು ಕುಗ್ಗಿದ್ದರೆ, ಇಷ್ಟವಾಗುತ್ತಿದ್ದ ಕೆಲಸವೂ ಬೇಡವಾಗಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ ಅದನ್ನು ಮುಂದಿನ ಪುಟಕ್ಕೆ ಹೊತ್ತುಕೊಂಡು ಹೋಗಬಾರದು, ವೈದ್ಯರಿಗೆ ಹೇಳಬೇಕು. ಬದುಕು ಬೇಡವೆಂಬ ಯೋಚನೆ ಬಂದರಂತೂ ಆ ದಿನವೇ ಹೇಳಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಹೊಸ ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಮೊದಲೇ ಈ ಸಂಖ್ಯೆ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಮೈಯ ಸಾಲುಗಳಿರುವ ಪುಟಗಳನ್ನು ಒಯ್ಯಿರಿ, ‘ಎಂದಿನಿಂದ ಹೀಗಾಗುತ್ತಿದೆ?’ ಎಂಬ ಪ್ರಶ್ನೆಗೆ ನಿಮ್ಮ ಕೈಬರಹದಲ್ಲೇ ಉತ್ತರ ಇರುತ್ತದೆ.

ಹಳೆಯ ಪುಟ, ತಪ್ಪಿದ ಪುಟ

ಬರೆದ ಪುಟವನ್ನು ಮರುದಿನವೇ ಓದಬೇಡಿ. ಮುಂದಿನ ತಿಂಗಳು ಬರೆದು ಮುಗಿಸಿದ ಮೇಲೆ ಹಿಂದಿನದನ್ನು ಓದಿ. ಮೊದಲೇ ಓದಿದರೆ ಹೊಸ ತಿಂಗಳೂ ಹಳೆಯದರ ಅಚ್ಚಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ, ಯುಗಾದಿಯ ಆಸುಪಾಸಿನಲ್ಲಿ, ಹನ್ನೆರಡನ್ನೂ ಒಟ್ಟಿಗೆ ಓದಿ. ಯಾವ ತಿಂಗಳಲ್ಲಿ ಪ್ರತಿ ವರ್ಷ ಮೈ ಸೋಲುತ್ತದೆ, ಯಾರ ಹೆಸರು ಮತ್ತೆ ಮತ್ತೆ ‘ದೊರೆತದ್ದು’ ಎಂಬ ಸಾಲಿನಲ್ಲಿ ಬರುತ್ತದೆ ಎಂಬುದು ಒಂದು ಪುಟದಲ್ಲಿ ಕಾಣುವುದಿಲ್ಲ, ಹನ್ನೆರಡರಲ್ಲಿ ಕಾಣುತ್ತದೆ. ಆ ಹೆಸರಿನವರಿಗೆ ಒಂದು ಫೋನು ಮಾಡಿ.

ಒಂದು ತಿಂಗಳು ತಪ್ಪಿತೆಂದು ಪುಸ್ತಕ ಬಿಟ್ಟವರನ್ನು ಬಹಳ ಮಂದಿ ಕಂಡಿದ್ದೇನೆ. ಬಾಕಿ ತೀರಿಸುವ ಹಠದಲ್ಲಿ ಎರಡು ತಿಂಗಳನ್ನು ಒಟ್ಟಿಗೆ ಬರೆಯಲು ಹೋಗಿ ದಣಿದವರನ್ನೂ ಕಂಡಿದ್ದೇನೆ. ತಪ್ಪಿದ ತಿಂಗಳ ಹೆಸರು ಬರೆದು ಅದರ ಕೆಳಗೆ ‘ಬರೆಯಲು ಆಗಲಿಲ್ಲ’ ಎಂದು ಒಂದು ಸಾಲು ಬರೆಯಿರಿ, ಕಾರಣ ಗೊತ್ತಿದ್ದರೆ ಅದನ್ನೂ ಬರೆಯಿರಿ. ನಂತರ ಹಾಳೆ ತಿರುವಿ ಈ ತಿಂಗಳ ಹೆಸರು ಬರೆದು, ಕ್ಯಾಲೆಂಡರ್ ಇಳಿಸಿ ತಂದು ಮೊದಲ ವಾರದಿಂದ ಹೊರಡಿ.